ರೇಡಿಯೇಷನ್ ಮುಗಿದ ಹನ್ನೊಂದು ವರ್ಷಗಳ ಮೇಲೆ: ನುಂಗಲಾಗದ, ಮಾತು ಹೊರಡದ ದಿನಗಳ ಅನುಭವ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪತ್ರ ಬರಹಗಾರನಾಗಿದ್ದವನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದು, ಓದುಬರಹ ಬಾರದ ಕಕ್ಷಿದಾರರಿಗೆ ಅವನ್ನು ಚಕ್ಕುಬಂದಿಯ ಸಮೇತ ಗಟ್ಟಿಯಾಗಿ ಓದಿ ಹೇಳಿ, ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ಹಾಕಿಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. 2011ರಲ್ಲಿ, ನನಗೆ ನಲವತ್ತೊಂಬತ್ತು ವರ್ಷವಾಗಿದ್ದಾಗ, ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಏಳು ವಾರ, ಒಟ್ಟು 35 ಬಾರಿ ರೇಡಿಯೇಷನ್ ಕೊಟ್ಟರು. ನಮ್ಮ ಕಡೆಯ ಜನ ಇದನ್ನು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಒಟ್ಟು ಪ್ರಮಾಣ 70 ಗ್ರೇ (ರೇಡಿಯೇಷನ್ ಅಳೆಯುವ ಮಾನ). ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ. ಆ ಏಳು ವಾರಗಳ ಬಗ್ಗೆ, ಮುಖಕ್ಕೆ ಬಿಗಿದ ಪ್ಲಾಸ್ಟಿಕ್ ಮುಖವಾಡದ ಬಗ್ಗೆ, ಬಾಯಿಯೆಲ್ಲ ಹುಣ್ಣಾಗಿ ಮೂಗಿನ ನಳಿಕೆಯಲ್ಲಿ ಗಂಜಿ ಕುಡಿದ ಮೂರು ತಿಂಗಳುಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಬರೆಯಹೊರಟಿರುವುದು ಅದೆಲ್ಲ ಮುಗಿದು, ಫೈಲನ್ನು ಅಟ್ಟದ ಟ್ರಂಕಿಗೆ ಸೇರಿಸಿ, ಗುಣವಾಯಿತೆಂದು ಊರಿಗೆಲ್ಲ ಹೇಳಿಯಾದ ಎಷ್ಟೋ ವರ್ಷಗಳ ನಂತರ ಬಂದದ್ದರ ಬಗ್ಗೆ. ಅದಕ್ಕೆ ಸರಿಯಾದ ಹೆಸರು ಸಿಗುವಷ್ಟರಲ್ಲಿ ನಾನು ಎರಡು ಸಲ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದೆ. ಇದೇ ಚಿಕಿತ್ಸೆ ಪಡೆದವರು ಅಷ್ಟು ತಡಮಾಡದಿರಲಿ ಎಂಬುದೇ ಈ ಬರಹದ ಕಾರಣ.

ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ತುಂಡು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟರೆ ಅದು ತಾನಾಗಿ ಜಾರಿ ಹೋಗಬೇಕು. ರೇಡಿಯೇಷನ್‌ನಿಂದ ಜೊಲ್ಲು ಬತ್ತಿಹೋಗಿದ್ದರೂ, ಚಿಕಿತ್ಸೆ ಮುಗಿದ ಎಂಟು ತಿಂಗಳಿಗೆ, ಬಸ್ಸಾರನ್ನು ಹೆಚ್ಚಾಗಿ ಸುರಿದುಕೊಂಡು, ಅಡಿಕೆಯಷ್ಟು ಗಾತ್ರದ ಮುದ್ದೆಯ ತುಂಡೊಂದನ್ನು ನುಂಗಿದ ದಿನ ನಾನು ಬದುಕಿಕೊಂಡೆ ಎಂದು ನಂಬಿದ್ದೆ. 2016ರಲ್ಲಿ ಐದು ವರ್ಷ ತುಂಬಿದಾಗ ವೈದ್ಯರು ಇನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕೆಂದರು. ಆ ವಾರ್ಷಿಕ ತಪಾಸಣೆಗಳಲ್ಲಿ ಅವರು ಗಡ್ಡೆ ಮರಳಿ ಬಂದಿದೆಯೇ ಎಂದಷ್ಟೇ ಹುಡುಕುತ್ತಿದ್ದರು, ನಾನೂ ಅದೊಂದನ್ನೇ ಕೇಳುತ್ತಿದ್ದೆ.

2019ರಿಂದ ಊಟಕ್ಕೆ ಕುಳಿತಾಗ ಆಗಾಗ ನೆತ್ತಿಗೆ ಹತ್ತತೊಡಗಿತು. ಮೊದಮೊದಲು ನೀರು ಕುಡಿಯುವಾಗ, ಆಮೇಲೆ ತಿಳಿಸಾರು ಕಲಸಿದ ಅನ್ನ ಉಣ್ಣುವಾಗ. ಅವ್ವ ಬದುಕಿದ್ದಳು, ಕೆಮ್ಮು ಬಂದಾಗಲೆಲ್ಲ ನೆತ್ತಿ ತಟ್ಟಿ, “ಯಾರೋ ನೆನೆಸ್ಕೊತಾವ್ರೆ ಕಣಪ್ಪ, ನಿಧಾನಕ್ ಉಣ್ಣು” ಎನ್ನುತ್ತಿದ್ದಳು. ಹೀಗೆ ಎರಡು ಮೂರು ವರ್ಷಗಳ ಕಾಲ ನಮ್ಮ ಮನೆಯಲ್ಲಿ ಅದು ಯಾರೋ ನೆನೆಸಿಕೊಂಡದ್ದಾಗಿಯೇ ಉಳಿಯಿತು. ಒಗ್ಗರಣೆಯ ಸಾಸಿವೆಕಾಳು ಗಂಟಲಿನಲ್ಲಿ ಎಲ್ಲಿಯೋ ಕುಳಿತು ಗಂಟೆಗಟ್ಟಲೆ ಕೆರೆಯುವುದು, ಉಪ್ಪಿಟ್ಟಿನ ರವೆ ಬಾಯಿಯಲ್ಲೇ ಹರಡಿ ನಿಲ್ಲುವುದು, ಕಾಫಿ ಮೂಗಿಗೆ ಬರುವುದು, ಊಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯುವುದು, ಇವೆಲ್ಲ ಒಂದೊಂದಾಗಿ ಸೇರಿಕೊಂಡವು. ಮದುವೆ ಮನೆಗಳಲ್ಲಿ ಪಂಕ್ತಿ ಏಳುವಾಗ ನನ್ನ ಎಲೆಯಲ್ಲಿ ಅರ್ಧದಷ್ಟು ಹಾಗೆಯೇ ಇರುತ್ತಿದ್ದುದರಿಂದ ನಾನು ಮದುವೆಗಳಿಗೆ ಹೋಗುವುದನ್ನು ಬಿಟ್ಟೆ. 68 ಕೆ.ಜಿ. ಇದ್ದ ತೂಕ 2022ರ ದಸರಾ ಹೊತ್ತಿಗೆ 54ಕ್ಕೆ ಇಳಿದಿತ್ತು. ಇದನ್ನು ಓದುತ್ತಿರುವವರಲ್ಲಿ ಕುತ್ತಿಗೆಗೆ ರೇಡಿಯೇಷನ್ ಪಡೆದವರಿದ್ದರೆ, ಇವುಗಳಲ್ಲಿ ಎರಡು ಲಕ್ಷಣ ಕಂಡರೂ ವಾರ್ಷಿಕ ತಪಾಸಣೆಯವರೆಗೆ ಕಾಯಬೇಡಿ, ಊಟಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದನ್ನೂ ತಿಂಗಳ ತೂಕವನ್ನೂ ಬರೆದಿಟ್ಟುಕೊಂಡು ಹೋಗಿ ತೋರಿಸಿ.

ಮಾತು ಕೆಟ್ಟದ್ದನ್ನು ನನಗಿಂತ ಮೊದಲು ಕಕ್ಷಿದಾರರು ಗುರುತಿಸಿದರು. ದನಿ ಮೂಗಿನಿಂದ ಬರತೊಡಗಿತ್ತು; ‘ಬ’ ಹೇಳಿದರೆ ‘ಮ’ ಕೇಳಿಸುತ್ತಿತ್ತು, ‘ದ’ ಎಂದರೆ ‘ನ’. ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳದೆ ‘ಟ’, ‘ಡ’, ‘ಣ’, ‘ಳ’ ಅಕ್ಷರಗಳು ಅಳಿಸಿಹೋಗುತ್ತಿದ್ದವು. ಕನ್ನಡದಲ್ಲಿ ಈ ಅಕ್ಷರಗಳಿಲ್ಲದೆ ಒಂದು ವಾಕ್ಯವೂ ಸಾಗುವುದಿಲ್ಲ, ಜಮೀನಿನ ಪತ್ರವಂತೂ ಸಾಧ್ಯವೇ ಇಲ್ಲ. ಒಂದು ದಿನ ಒಬ್ಬ ರೈತರಿಗೆ ಅವರ ವಿಭಾಗಪತ್ರವನ್ನು ಓದಿ ಹೇಳುತ್ತಿದ್ದೆ. ಎಷ್ಟು ಗುಂಟೆ ಎಂದು ಅವರು ಮೂರು ಸಲ ಕೇಳಿದರು, ನಾನು ಮೂರು ಸಲವೂ ಹೇಳಿದೆ, ಕೊನೆಗೆ ಅವರು ಬಹಳ ಸಂಕೋಚದಿಂದ, “ಸ್ವಾಮಿ, ಆ ಹುಡುಗನ ಕೈಲಿ ಒಂದ್ ಸಲ ಓದಿಸ್ಬಿಡಿ” ಎಂದು ಟೈಪ್ ಮಾಡುವ ಹುಡುಗನ ಕಡೆ ತೋರಿಸಿದರು. ಅವರದು ತಪ್ಪಲ್ಲ; ಹೆಬ್ಬೆಟ್ಟು ಒತ್ತುವವನು ತಾನು ಏನಕ್ಕೆ ಒತ್ತುತ್ತಿದ್ದೇನೆಂದು ಕೇಳಿ ತಿಳಿಯಲೇಬೇಕು. ಅಂದಿನಿಂದ ನಾನು ಯಾರಿಗೂ ಪತ್ರ ಓದಿ ಹೇಳಲಿಲ್ಲ. ಆ ಸಂಜೆ ಮನೆಗೆ ಬಂದು ಏನನ್ನೂ ಹೇಳದೆ ಮಲಗಿದ್ದು ನೆನಪಿದೆ.

2022ರ ನವೆಂಬರ್‌ನಲ್ಲಿ ಜ್ವರ ಬಂದು, ಉಸಿರಾಡಲು ಕಷ್ಟವಾಗಿ, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಎಂದಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಖರ್ಚು 62,000 ರೂಪಾಯಿ. 2023ರ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಈ ಸಲ ಆರು ದಿನ, 48,000. ಎರಡೂ ಸಲ ಗುಣಪಡಿಸಿ ಕಳುಹಿಸಿದರು, ಆದರೆ ಅದೇ ಜಾಗಕ್ಕೆ ಎರಡು ಸಲ ಏಕೆ ಬಂತು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ, ನನಗೂ ಎತ್ತಬೇಕೆಂದು ಹೊಳೆಯಲಿಲ್ಲ. ಆ ನಡುವೆ ಗ್ಯಾಸ್ಟ್ರಿಕ್ ಇರಬಹುದೆಂದು ಎರಡು ಬಾರಿ ಎಂಡೋಸ್ಕೋಪಿ ಮಾಡಿದರು. ಅನ್ನನಾಳ ಚೆನ್ನಾಗಿದೆ ಎಂದು ವರದಿ ಬಂತು. ಎಂಡೋಸ್ಕೋಪಿ ಅನ್ನನಾಳ ಮತ್ತು ಹೊಟ್ಟೆಯ ಒಳಗೋಡೆಯನ್ನು ತೋರಿಸುತ್ತದೆಯೇ ಹೊರತು ಗಂಟಲು ನುಂಗುವ ಕ್ರಿಯೆಯನ್ನು ತೋರಿಸುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಎಂಡೋಸ್ಕೋಪಿ ಸರಿಯಿದೆ ಎಂಬ ಕಾಗದವನ್ನು ನಂಬಿ ನಾನು ನಾಲ್ಕು ತಿಂಗಳು ಕಳೆದುಕೊಂಡೆ.

ಕ್ಯಾನ್ಸರ್ ಮರಳಿರಬಹುದೆಂಬ ಭಯದಿಂದ ಪೆಟ್ ಸ್ಕ್ಯಾನ್ ಮಾಡಿಸಿದೆವು. 18,000 ರೂಪಾಯಿ, ವರದಿಗೆ ಎರಡು ದಿನದ ಕಾಯುವಿಕೆ. ಗಡ್ಡೆ ಇರಲಿಲ್ಲ. ಮಡದಿ ದೇವರ ಮುಂದೆ ದೀಪ ಹಚ್ಚಿದಳು, ಆದರೆ ನನ್ನ ಸಮಸ್ಯೆ ಅಲ್ಲಿಯೇ ಇತ್ತು. ಆಮೇಲೆ ಒಬ್ಬ ವೈದ್ಯರು ನಾಲಿಗೆ ಹೊರಚಾಚಲು ಹೇಳಿ ನೋಡಿದರು. ನಾಲಿಗೆ ಬಲಕ್ಕೆ ವಾಲುತ್ತಿತ್ತು, ಬಲಭಾಗ ಬತ್ತಿ ಸುಕ್ಕುಗಟ್ಟಿತ್ತು, ಅದರ ಮೇಲೆ ಹುಳು ಹರಿದಂತೆ ಸಣ್ಣ ಅದುರುವಿಕೆ ಇತ್ತು. ಅವರು ನರರೋಗ ತಜ್ಞರ ಬಳಿಗೆ ಕಳುಹಿಸಿದರು. ಅಲ್ಲಿ ಮೊದಲ ಬಾರಿಗೆ ‘ಮೋಟಾರ್ ನ್ಯೂರಾನ್ ಕಾಯಿಲೆಯೂ ಇರಬಹುದು, ತಳ್ಳಿಹಾಕಬೇಕು’ ಎಂಬ ಮಾತು ಕೇಳಿದೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ, ಗುಣಪಡಿಸಲಾಗದ ಕಾಯಿಲೆ ಅದು. ಎಂ.ಆರ್.ಐ. ಮತ್ತು ಇ.ಎಂ.ಜಿ. ಪರೀಕ್ಷೆಗಳಿಗೆ ದಿನ ಸಿಕ್ಕಿದ್ದು ಮೂರು ವಾರಗಳ ನಂತರ. ಮಗಳು ಫೋನಿನಲ್ಲಿ ಆ ಕಾಯಿಲೆಯ ಬಗ್ಗೆ ಓದಿ ಅತ್ತದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ. ಹನ್ನೊಂದು ವರ್ಷಗಳ ಹಿಂದೆ ಕ್ಯಾನ್ಸರ್ ಎಂದಾಗ ಅಷ್ಟು ಹೆದರಿರಲಿಲ್ಲ. ಆಗ ಮಾಡಲು ಒಂದು ಚಿಕಿತ್ಸೆ ಇತ್ತು.

ಇ.ಎಂ.ಜಿ. ಎಂದರೆ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆಯನ್ನು ನೋಡುವುದು. ನಾಲಿಗೆಗೆ ಚುಚ್ಚುವಾಗ ನೋವಾಗುತ್ತದೆ, ಆದರೆ ತಾಳಿಕೊಳ್ಳಬಹುದು. ಪರೀಕ್ಷೆ ಮಾಡಿದ ವೈದ್ಯರು ಮಧ್ಯದಲ್ಲೇ ನಿಲ್ಲಿಸಿ, “ನಿಮಗೆ ಕುತ್ತಿಗೆಗೆ ಯಾವಾಗಲಾದರೂ ರೇಡಿಯೇಷನ್ ಆಗಿತ್ತಾ?” ಎಂದು ಕೇಳಿದರು. ಆಗಿತ್ತು ಎಂದೆ. “ಎಷ್ಟು ಡೋಸ್, ಎಲ್ಲಿಂದ ಎಲ್ಲಿಯವರೆಗೆ? ದಾಖಲೆ ಇದೆಯಾ?” ನನ್ನ ಕೈಯಲ್ಲಿದ್ದ ಫೈಲು ಕಳೆದ ಒಂದು ವರ್ಷದ್ದು ಮಾತ್ರ. ನನ್ನ ಸ್ನಾಯುವಿನಲ್ಲಿ ಅವರಿಗೆ ಕಂಡದ್ದು ಮಯೋಕೀಮಿಯಾ ಎಂಬ ಗುಂಪುಗುಂಪಾದ ಮಿಡಿತ. ರೇಡಿಯೇಷನ್‌ನಿಂದ ಹಾನಿಯಾದ ನರಗಳಲ್ಲಿ ಅದು ಕಾಣಿಸುತ್ತದೆ, ಅದು ಇದ್ದರೆ ಸಂಶಯ ಮೋಟಾರ್ ನ್ಯೂರಾನ್ ಕಾಯಿಲೆಯಿಂದ ದೂರ ಸರಿಯುತ್ತದೆ ಎಂದು ಅವರು ವಿವರಿಸಿದರು.

ದಾಖಲೆ ಹುಡುಕುವುದೇ ಒಂದು ತಿಂಗಳ ಕೆಲಸವಾಯಿತು. ಚಿಕಿತ್ಸೆ ಪಡೆದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅಷ್ಟು ಹಳೆಯ ಕಡತ ಸಿಗುವುದಿಲ್ಲವೆಂದರು. ಲಿಖಿತ ಅರ್ಜಿ ಕೊಟ್ಟು, ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಕೊನೆಗೆ ಅಟ್ಟದ ಟ್ರಂಕಿನಿಂದಲೇ ಅದು ಸಿಕ್ಕಿತು. ಪತ್ರಗಳನ್ನು ಎಸೆಯದಿರುವ ವೃತ್ತಿಯ ಅಭ್ಯಾಸ ನನ್ನನ್ನು ಉಳಿಸಿತು. ಯಂತ್ರದಲ್ಲಿ ಮುದ್ರಿಸಿದ ಬಿಲ್ಲುಗಳೆಲ್ಲ ಬಿಳಿ ಹಾಳೆಗಳಾಗಿ ಹೋಗಿದ್ದವು, ಆದರೆ ಪ್ರತಿದಿನ ಗುರುತು ಹಾಕಿದ ಕೈಬರಹದ ರೇಡಿಯೇಷನ್ ಕಾರ್ಡು ಮತ್ತು ಬಿಡುಗಡೆಯ ಸಾರಾಂಶ ಓದುವಂತಿದ್ದವು. ಇಂದು ಚಿಕಿತ್ಸೆ ಮುಗಿಸುತ್ತಿರುವವರಿಗೆ ನನ್ನ ವಿನಂತಿ ಇಷ್ಟು: ಒಟ್ಟು ಡೋಸ್, ಎಷ್ಟು ಬಾರಿ, ಯಾವ ಭಾಗಕ್ಕೆ, ಯಾವ ಬಗೆಯ ಯಂತ್ರದಿಂದ, ಯಾವ ಕೀಮೋ ಎಷ್ಟು ಸಲ ಎಂಬುದನ್ನು ಬರೆಸಿದ ಒಂದು ಪುಟದ ಸಾರಾಂಶವನ್ನು ಮನೆಗೆ ಬರುವ ಮುನ್ನವೇ ಕೇಳಿ ಪಡೆಯಿರಿ, ಅದೇ ದಿನ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ ಹಲ್ಲು ಕೀಳಿಸಬೇಕಾಗಿ ಬಂದರೂ ಆ ಪುಟವನ್ನು ದಂತವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ರೇಡಿಯೇಷನ್ ತಗುಲಿದ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ.

ಆ ಕಾರ್ಡನ್ನು ನೋಡಿದ ಮೇಲೆ ರೇಡಿಯೇಷನ್ ವೈದ್ಯರು ವಿಷಯವನ್ನು ಬಿಡಿಸಿ ಹೇಳಿದರು. ರೇಡಿಯೇಷನ್ ಗಡ್ಡೆಯನ್ನು ಕೊಲ್ಲುವಾಗ ಅದರ ದಾರಿಯಲ್ಲಿದ್ದ ಸಣ್ಣ ರಕ್ತನಾಳಗಳನ್ನೂ ಹಾಳುಮಾಡುತ್ತದೆ. ಆ ಭಾಗದ ಸ್ನಾಯುಗಳಲ್ಲಿ ವರ್ಷ ವರ್ಷವೂ ನಾರಿನಂತಹ ಗಡಸು ಅಂಗಾಂಶ ಸೇರುತ್ತ ಹೋಗುತ್ತದೆ, ಮೆದುಳಿನಿಂದ ನಾಲಿಗೆಗೂ ಗಂಟಲಿಗೂ ಇಳಿಯುವ ನರಗಳು ಅದರಲ್ಲಿ ಸಿಕ್ಕಿ ಸೊರಗುತ್ತವೆ. ಇದು ಐದು, ಹತ್ತು ವರ್ಷ ಅಥವಾ ಅದಕ್ಕೂ ತಡವಾಗಿ ಕಾಣಿಸಿಕೊಳ್ಳಬಹುದು. ನನಗೆ ಹನ್ನೆರಡನೆಯ ಕಪಾಲ ನರ, ಅಂದರೆ ನಾಲಿಗೆಯನ್ನು ಆಡಿಸುವ ನರ, ಬಲಗಡೆ ಬಹುತೇಕ ಕೆಲಸ ನಿಲ್ಲಿಸಿತ್ತು. ಅಂಗುಳನ್ನೂ ಗಂಟಲನ್ನೂ ನೋಡಿಕೊಳ್ಳುವ ಹತ್ತನೆಯ ನರವೂ ದುರ್ಬಲವಾಗಿತ್ತು. “ಇದು ಹೊಸ ರೋಗವಲ್ಲ, ಹಳೆಯ ಚಿಕಿತ್ಸೆಯದೇ ತಡವಾದ ಪರಿಣಾಮ” ಎಂದರು. ಮೊದಲಿನ ಸ್ಥಿತಿಗೆ ಬರುತ್ತದೆಯೇ ಎಂದು ಮಗಳು ಕೇಳಿದಳು. ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬಹುದು ಎಂದು ಅವರು ನೇರವಾಗಿ ಉತ್ತರಿಸಿದರು. ಆ ನೇರ ಉತ್ತರಕ್ಕೆ ನಾನು ಈಗಲೂ ಕೃತಜ್ಞ. ಅದೇ ಭೇಟಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೂಡ ಕುಂದಿರುವುದು ತಿಳಿಯಿತು. ಕುತ್ತಿಗೆಯ ರೇಡಿಯೇಷನ್ ನಂತರ ಇದು ಸಾಮಾನ್ಯ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿ.ಎಸ್.ಎಚ್. ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕಂತೆ.

2023ರ ಆಗಸ್ಟ್‌ನಲ್ಲಿ ವಿಡಿಯೋ ಫ್ಲೋರೋಸ್ಕೋಪಿ ಎಂಬ ನುಂಗುವಿಕೆಯ ಎಕ್ಸ್‌ರೇ ಪರೀಕ್ಷೆ ನಡೆಯಿತು, 6,500 ರೂಪಾಯಿ. ನನ್ನನ್ನು ಯಂತ್ರದ ಮುಂದೆ ಪಕ್ಕಕ್ಕೆ ತಿರುಗಿಸಿ ಕೂರಿಸಿದರು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ನೀರನ್ನು ಮೊದಲು ಒಂದು ಚಮಚ, ಆಮೇಲೆ ಒಂದು ಗುಟುಕು, ನಂತರ ಪಾಯಸದಷ್ಟು ಮಂದವಾದದ್ದು, ಕೊನೆಗೆ ಬೇರಿಯಂ ಹಚ್ಚಿದ ಬಿಸ್ಕತ್ತಿನ ಚೂರು ಕೊಟ್ಟರು. ಪರದೆಯ ಮೇಲೆ ನನ್ನದೇ ತಲೆಬುರುಡೆಯ ನೆರಳಿನಲ್ಲಿ ಕಪ್ಪು ದ್ರವ ಇಳಿಯುವುದು ಕಾಣುತ್ತಿತ್ತು. ನೀರಿನ ಒಂದು ಗೆರೆ ಹಿಂದಿನ ಅನ್ನನಾಳದ ಬದಲು ಮುಂದಿನ ಶ್ವಾಸನಾಳಕ್ಕೆ ಇಳಿಯಿತು. ನಾನು ಕೆಮ್ಮಲಿಲ್ಲ. ನನಗೆ ಏನೂ ಅನಿಸಲೂ ಇಲ್ಲ. ವಾಕ್ ಚಿಕಿತ್ಸಕಿ ಚಿತ್ರವನ್ನು ಅಲ್ಲಿಗೆ ನಿಲ್ಲಿಸಿ ತೋರಿಸಿ, “ನೋಡಿ ಸರ್, ಇದನ್ನು ಸೈಲೆಂಟ್ ಆಸ್ಪಿರೇಷನ್ ಅಂತೀವಿ. ನಿಮಗೆ ನೆತ್ತಿಗೆ ಹತ್ತಿದಾಗ ಕೆಮ್ಮು ಬರ್ತಿತ್ತಲ್ಲ, ಅದು ನಿಮ್ಮನ್ನು ಕಾಪಾಡ್ತಿತ್ತು. ಈಗ ಆ ಕೆಮ್ಮೇ ಬರ್ತಿಲ್ಲ” ಎಂದರು. ಹಿಂದಿನ ಆರು ತಿಂಗಳಲ್ಲಿ ನನ್ನ ಕೆಮ್ಮು ಕಡಿಮೆಯಾದದ್ದನ್ನು ನಾವು ಮನೆಯಲ್ಲಿ ಸುಧಾರಣೆ ಎಂದು ತಿಳಿದು ಸಂತೋಷಪಟ್ಟಿದ್ದೆವು. ಇಡೀ ಬರಹದಲ್ಲಿ ನೀವು ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕೆಮ್ಮು ನಿಂತ ಮಾತ್ರಕ್ಕೆ ಗಂಟಲು ಸರಿಹೋಯಿತೆಂದಲ್ಲ, ಪದೇ ಪದೇ ನ್ಯುಮೋನಿಯಾ ಬರುತ್ತಿದ್ದರೆ ನುಂಗುವಿಕೆಯ ಪರೀಕ್ಷೆಯನ್ನು ನೀವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕು. ಎಕ್ಸ್‌ರೇ ಸೌಲಭ್ಯ ಇಲ್ಲದ ಕಡೆ ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ನೋಡುವ ಫೀಸ್ ಎಂಬ ಪರೀಕ್ಷೆಯೂ ಇದೆ.

ಮಂದವಾದ ಪದಾರ್ಥ ಶ್ವಾಸನಾಳಕ್ಕೆ ಇಳಿಯಲಿಲ್ಲ, ಆದರೆ ಗಂಟಲಿಗೆ ಅದನ್ನು ತಳ್ಳುವ ಬಲವಿಲ್ಲದೆ ನಾಲಿಗೆಯ ಬುಡದ ಹಳ್ಳಗಳಲ್ಲಿ ಅರ್ಧದಷ್ಟು ಉಳಿಯುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಅದೂ ತಪ್ಪುದಾರಿ ಹಿಡಿಯುತ್ತಿತ್ತು. ಹೀಗಾಗಿ ತೆಳುವಾದದ್ದೂ ಆಗದು, ಬಹಳ ಗಟ್ಟಿಯಾದದ್ದೂ ಆಗದು ಎಂಬ ಸ್ಥಿತಿ. ಅನ್ನನಾಳದ ಬಾಯಿಯನ್ನು ಹಿಗ್ಗಿಸುವ ಚಿಕಿತ್ಸೆಯಿಂದ ಕೆಲವರಿಗೆ ಬಹಳ ಅನುಕೂಲವಾಗುತ್ತದೆ. ನನ್ನಲ್ಲಿ ಅಡಚಣೆಗಿಂತ ದೌರ್ಬಲ್ಯವೇ ಹೆಚ್ಚಾಗಿದ್ದುದರಿಂದ ಅದರಿಂದ ಹೆಚ್ಚಿನ ಫಲ ಸಿಗದೆಂದರು. ಹೊಟ್ಟೆಗೆ ನೇರವಾಗಿ ನಳಿಕೆ ಹಾಕುವ ಪೆಗ್ ಟ್ಯೂಬ್ ಸಲಹೆ ಕೊಟ್ಟರು.

ನಾನು ಆರು ವಾರ ಒಪ್ಪಲಿಲ್ಲ. ಮುದ್ದೆ ನುಂಗುತ್ತಿದ್ದವನು ಹೊಟ್ಟೆಗೆ ತೂತು ಮಾಡಿಸಿಕೊಂಡು ಸಿರಿಂಜಿನಲ್ಲಿ ಉಣ್ಣುವುದು ಬದುಕಿನ ಕೊನೆಯ ಹಂತದವರಿಗೆ ಎಂಬ ಭಾವನೆ ನನ್ನಲ್ಲಿ ಗಟ್ಟಿಯಾಗಿ ಕೂತಿತ್ತು. ಮಡದಿ ಒತ್ತಾಯಿಸಲಿಲ್ಲ. ಒಂದು ರಾತ್ರಿ ಅವಳು, “ರೀ, ನೀವು ಉಣ್ಣೋಕೆ ಕೂತ್ರೆ ನಂಗೆ ಕೈಕಾಲು ನಡುಗುತ್ತೆ. ನಾನು ಉಂಡು ಎಷ್ಟು ದಿನ ಆಯ್ತು ಗೊತ್ತಾ?” ಎಂದಳು. ನನ್ನ ಊಟ ಮುಗಿಯುವವರೆಗೆ ಅವಳು ತಟ್ಟೆ ಮುಟ್ಟುತ್ತಿರಲಿಲ್ಲವೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಮರುದಿನ ಒಪ್ಪಿಕೊಂಡೆ.

2023ರ ಅಕ್ಟೋಬರ್‌ನಲ್ಲಿ ಪೆಗ್ ಹಾಕಿದರು. ಅರ್ಧ ಗಂಟೆಯ ಕೆಲಸ, ಎರಡು ದಿನ ಆಸ್ಪತ್ರೆ, 27,000 ರೂಪಾಯಿ. ಮೊದಲ ವಾರ ಎದ್ದು ಕೂರುವಾಗ ನೋವಿತ್ತು. ನನ್ನ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿದ್ದುದರಿಂದ ಎಂಡೋಸ್ಕೋಪ್ ತೂರಿಸಲು ಕಷ್ಟವಾಯಿತು. ಸರಿಯಾಗಿದ್ದವರ ಬಾಯಿಗೆ ತಮ್ಮದೇ ಮೂರು ಬೆರಳು ಹಿಡಿಯಬೇಕು. ನಿಮ್ಮ ಬಾಯಿಯೂ ಬಿಗಿಯಾಗಿದ್ದರೆ ಇದನ್ನು ಮುಂಚೆಯೇ ಹೇಳಿ. ಮನೆಯಲ್ಲಿ ಆಹಾರ ಕೊಡುವ ಕ್ರಮವನ್ನು ಮಡದಿ ಮತ್ತು ನಾನು ಹದಿನೈದು ದಿನದಲ್ಲಿ ಕಲಿತೆವು. ಬೆನ್ನು ಎತ್ತರಿಸಿ ಕುಳಿತು, ಮೊದಲು 50 ಮಿ.ಲೀ. ಕುಡಿಯುವ ನೀರು ಬಿಟ್ಟು, ಆಮೇಲೆ 200ರಿಂದ 250 ಮಿ.ಲೀ. ಆಹಾರವನ್ನು ನಿಧಾನವಾಗಿ, ಮತ್ತೆ 50 ಮಿ.ಲೀ. ನೀರು, ನಂತರ ಒಂದು ಗಂಟೆ ಮಲಗಕೂಡದು. ಮೂರನೆಯ ವಾರದಲ್ಲಿ ರಾಗಿಯ ಗಂಜಿ ನಳಿಕೆಯಲ್ಲಿ ಕಟ್ಟಿಕೊಂಡಿತು. ರಾಗಿ ಬಿಸಿಯಾಗಿರುವಾಗ ತೆಳುವಾಗಿ ಕಂಡರೂ ಆರುತ್ತಾ ಮಂದವಾಗುತ್ತದೆ, ನಾವು ಅದನ್ನು ಬಟ್ಟೆಯಲ್ಲಿ ಸೋಸಿರಲಿಲ್ಲ. ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಬಿಟ್ಟುಕೊಂಡಿತು. ಜೋರಾಗಿ ಒತ್ತಿದರೆ ನಳಿಕೆ ಒಡೆಯಬಹುದು. ಮಾತ್ರೆಗಳನ್ನು ಒಂದೊಂದಾಗಿ ಪ್ರತ್ಯೇಕ ಪುಡಿಮಾಡಿ ಕೊಡಬೇಕು, ಪುಡಿ ಮಾಡಬಾರದ ಮಾತ್ರೆಗಳೂ ಇವೆಯಾದ್ದರಿಂದ ವೈದ್ಯರನ್ನು ಕೇಳಬೇಕು. ನಳಿಕೆ ಅಕಸ್ಮಾತ್ತಾಗಿ ಕಳಚಿಬಂದರೆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ; ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು, ಮೊದಲ ತಿಂಗಳಿನಲ್ಲಂತೂ ಮನೆಯಲ್ಲಿ ತಾವೇ ಮರಳಿ ತೂರಿಸಲು ಹೋಗಲೇಬಾರದು. ಬಾಯಿಯಿಂದ ಉಣ್ಣದಿದ್ದರೂ ದಿನಕ್ಕೆ ಮೂರು ಸಲ ಹಲ್ಲುಜ್ಜುವುದನ್ನು ಮಾತ್ರ ನಿಲ್ಲಿಸಕೂಡದು ಎಂಬುದು ನನಗೆ ಅನಿರೀಕ್ಷಿತವಾಗಿತ್ತು. ಬಾಯಿಯ ಕೊಳೆ ಬೆರೆತ ಜೊಲ್ಲೇ ಶ್ವಾಸಕೋಶಕ್ಕೆ ಇಳಿದು ಸೋಂಕು ತರುತ್ತದೆ. ಅಂದಿನಿಂದ ಇಂದಿನವರೆಗೆ ನನಗೆ ನ್ಯುಮೋನಿಯಾ ಬಂದಿಲ್ಲ, ತೂಕ 61ಕ್ಕೆ ಏರಿದೆ.

ಖರ್ಚಿನ ಮಾತು ಇಲ್ಲಿಯೇ ಮುಗಿಸುತ್ತೇನೆ. ಎಲ್ಲ ಸೇರಿ ಎರಡು ಲಕ್ಷ ಮೀರಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ನಮ್ಮಂತಹ ಎ.ಪಿ.ಎಲ್. ಕುಟುಂಬಕ್ಕೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30, ಮಿತಿ ಒಂದೂವರೆ ಲಕ್ಷ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಬೇಕು. ನಾನು ಅದನ್ನು ತಿಳಿಯದೆ ಪರೀಕ್ಷೆಗಳೆಲ್ಲವನ್ನೂ ಕೈಯಿಂದ ಕಟ್ಟಿ ಮುಗಿಸಿದ್ದೆ.

ಮಾತಿನ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆ. 1965ರಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರದ ಸಂಸ್ಥೆ ಮಕ್ಕಳ ಕಿವಿ ಮತ್ತು ಮಾತಿನ ತೊಂದರೆಗೆ ಮಾತ್ರ ಎಂದು ನಾನು ತಿಳಿದಿದ್ದೆ. ವಯಸ್ಕರ ಮಾತು ಮತ್ತು ನುಂಗುವಿಕೆಯ ತೊಂದರೆಗಳನ್ನೂ ಅಲ್ಲಿ ನೋಡುತ್ತಾರೆ. ಮಂಡ್ಯದಿಂದ ಬೆಳಗಿನ ರೈಲು ಹಿಡಿದರೆ ಸಮಯಕ್ಕೆ ತಲುಪಬಹುದು. ಮೊದಲ ದಿನ ನೋಂದಣಿ ಮತ್ತು ಮೌಲ್ಯಮಾಪನಕ್ಕೇ ಸಂಜೆಯಾಗುವುದರಿಂದ ಹಳೆಯ ವರದಿಗಳ ಜೊತೆಗೆ ನಳಿಕೆಯ ಆಹಾರವನ್ನೂ ಫ್ಲಾಸ್ಕಿನಲ್ಲಿ ಒಯ್ಯಬೇಕು.

ಅಲ್ಲಿ ಕಲಿತದ್ದು ಬಹಳ. ಗದ್ದವನ್ನು ಎದೆಗೆ ತಂದು, ತಲೆಯನ್ನು ದುರ್ಬಲವಾದ ಬಲಗಡೆಗೆ ತಿರುಗಿಸಿ ನುಂಗಿದರೆ ಆ ಬದಿಯ ದಾರಿ ಮುಚ್ಚಿಕೊಂಡು ಪದಾರ್ಥ ಬಲವಿರುವ ಬದಿಯಿಂದ ಇಳಿಯುತ್ತದೆ. ಉಸಿರು ಬಿಗಿಹಿಡಿದು ನುಂಗಿ, ಕೂಡಲೇ ಕೆಮ್ಮಿ, ಮತ್ತೊಮ್ಮೆ ಬರಿದೇ ನುಂಗಬೇಕು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ಜೊಲ್ಲು ನುಂಗುವ ವ್ಯಾಯಾಮ, ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿ ತೆರೆಯುವ ವ್ಯಾಯಾಮ, ಒತ್ತಡದ ವಿರುದ್ಧ ಉಸಿರು ಊದುವ ವ್ಯಾಯಾಮ ದಿನವೂ ನಡೆಯುತ್ತವೆ. ಇವೆಲ್ಲ ನನ್ನ ಎಕ್ಸ್‌ರೇ ನೋಡಿ ನನಗೆಂದು ಹೇಳಿದವು. ಇನ್ನೊಬ್ಬರ ಗಂಟಲಿಗೆ ಇದೇ ಭಂಗಿ ಅಪಾಯಕಾರಿಯಾಗಬಹುದು, ಆದ್ದರಿಂದ ಇದನ್ನು ಓದಿ ಹಾಗೆಯೇ ಅನುಸರಿಸಬೇಡಿ. ದ್ರವ ಎಷ್ಟು ಮಂದವಾಗಿರಬೇಕೆಂದು ಅಳೆಯಲು ಸುಲಭದ ಒಂದು ವಿಧಾನವಿದೆ: 10 ಮಿ.ಲೀ. ಸಿರಿಂಜಿನಲ್ಲಿ ದ್ರವ ತುಂಬಿ ಹತ್ತು ಸೆಕೆಂಡ್ ಹರಿಯಬಿಟ್ಟರೆ 4ರಿಂದ 8 ಮಿ.ಲೀ. ಉಳಿಯಬೇಕು, ಅದು ನನಗೆ ಹೇಳಿದ, ಮಂದತೆಯ ಎರಡನೆಯ ಹಂತ. ಸಿರಿಂಜಿನ ಉದ್ದ ಎಲ್ಲದರಲ್ಲೂ ಒಂದೇ ಇರುವುದಿಲ್ಲವಾದ್ದರಿಂದ ಯಾವುದು ಸರಿಯೆಂದು ಚಿಕಿತ್ಸಕರಿಂದಲೇ ಕೇಳಿ ಕೊಳ್ಳಿ. ಆ ಹದದ, ಸೋಸಿದ ರಾಗಿ ಗಂಜಿಯನ್ನು ದಿನಕ್ಕೆ ಹತ್ತು ಚಮಚ ಬಾಯಿಂದ ಕುಡಿಯಲು ನನಗೆ ಈಗ ಅನುಮತಿ ಇದೆ. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನನ್ನನ್ನು ಮಾತನಾಡಿಸುವುದಿಲ್ಲ.

ಮಾತು ಅಸ್ಪಷ್ಟವಾಗಿರುವವನ ಹೊರಗಿನ ಬದುಕು ಬೇರೆಯೇ. ಬಸ್ಸಿನಲ್ಲಿ ಊರಿನ ಹೆಸರು ಹೇಳಿದಾಗ ಪಕ್ಕದವರು ಕುಡಿದಿದ್ದಾನೆಂದು ಸರಿದು ಕುಳಿತಿದ್ದಾರೆ. ಫೋನಿನಲ್ಲಿ ಬ್ಯಾಂಕಿನವರು ಎರಡು ಸಲ ಕರೆ ಕಡಿದಿದ್ದಾರೆ. ಈಗ ಜೇಬಿನಲ್ಲಿ ಒಂದು ಚೀಟಿ ಇದೆ: “ಕ್ಯಾನ್ಸರ್ ಚಿಕಿತ್ಸೆಯಿಂದ ನನ್ನ ಮಾತು ಅಸ್ಪಷ್ಟವಾಗಿದೆ. ಕಿವಿ ಚೆನ್ನಾಗಿ ಕೇಳಿಸುತ್ತದೆ. ನನಗೆ ಬಾಯಿಯಿಂದ ನೀರು ಕೊಡಬೇಡಿ. ತುರ್ತಿಗೆ ಈ ಸಂಖ್ಯೆಗೆ ಕರೆ ಮಾಡಿ.” ನೀರಿನ ವಾಕ್ಯವನ್ನು ಸೇರಿಸಿದ್ದು ಮಗಳು, ದಾರಿಯಲ್ಲಿ ಬಿದ್ದವನಿಗೆ ನಮ್ಮ ಜನ ಮೊದಲು ಕೊಡುವುದು ನೀರನ್ನೇ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ 2024ರ ಮಾರ್ಚ್‌ನಲ್ಲಿ ಯು.ಡಿ.ಐ.ಡಿ. (ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಮೊದಲ ಕಚೇರಿಯಲ್ಲಿ ಕ್ಯಾನ್ಸರ್ ಅಂಗವೈಕಲ್ಯವಲ್ಲವೆಂದು ಹಿಂದಕ್ಕೆ ಕಳುಹಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಯಾಗಿರುವ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ಅಂಗವೈಕಲ್ಯವೂ ಒಂದು. ಅರ್ಜಿಯಲ್ಲಿ ಗುರುತಿಸಬೇಕಾದದ್ದು ಕ್ಯಾನ್ಸರನ್ನಲ್ಲ, ಅದನ್ನು. ಎರಡನೆಯ ಸಲ ಹಾಗೆ ತುಂಬಿ, ವಾಕ್ ಚಿಕಿತ್ಸಕರ ಮೌಲ್ಯಮಾಪನ ವರದಿ, ಇ.ಎಂ.ಜಿ., ಹಳೆಯ ರೇಡಿಯೇಷನ್ ಕಾರ್ಡಿನ ಪ್ರತಿ, ಆಧಾರ್ ಮತ್ತು ಭಾವಚಿತ್ರಗಳನ್ನು ಲಗತ್ತಿಸಿದೆ. ಮೇ ತಿಂಗಳಲ್ಲಿ ತಪಾಸಣೆಗೆ ಕರೆದರು. ಕಾರ್ಡು ಬಂದದ್ದು ಆಗಸ್ಟ್‌ನಲ್ಲಿ, ಹಳದಿ ಬಣ್ಣದ್ದು, ಅಂದರೆ ಶೇ 40 ಮತ್ತು 80ರ ನಡುವಿನದು. ಸವಲತ್ತುಗಳಿಗೆ ಶೇ 40 ಇರಲೇಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬಿಳಿ ಕಾರ್ಡು ಬರುತ್ತದೆ.

ಈಗ ಚಿಕಿತ್ಸಕಿ ನನ್ನ ಅಭ್ಯಾಸಕ್ಕೆ ನನ್ನದೇ ಪತ್ರಗಳ ವಾಕ್ಯಗಳನ್ನು ಆರಿಸಿಕೊಂಡಿದ್ದಾರೆ. ಒಂದು ಉಸಿರಿಗೆ ಮೂರು ಪದ, ಪ್ರತಿ ಪದದ ಕೊನೆಯ ಸ್ವರವನ್ನು ಪೂರ್ತಿಯಾಗಿ, ಅವಸರವಿಲ್ಲದೆ ಹೇಳಬೇಕು. ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕಾಲುವೆ’ ಎಂದು ನಾನು ಫೋನಿನಲ್ಲಿ ಓದುತ್ತೇನೆ, ಮಗಳು ಆ ಕಡೆಯಿಂದ ಕೇಳಿಸಿದ್ದನ್ನು ಬರೆದುಕೊಳ್ಳುತ್ತಾಳೆ. ಜನವರಿಯಲ್ಲಿ ಹತ್ತು ವಾಕ್ಯಗಳಲ್ಲಿ ಮೂರನ್ನು ಅವಳು ಸರಿಯಾಗಿ ಬರೆದಿದ್ದಳು. ಕಳೆದ ಭಾನುವಾರ ಏಳನ್ನು ಬರೆದಳು. ಉಳಿದ ಮೂರರಲ್ಲೂ ‘ಗುಂಟೆ’ ಎಂಬ ಪದವಿತ್ತು.